ಮೊದಲ ಹೆಸರು ಮತ್ತು ತಂದೆಯ ಹೆಸರು

(ಮಂಡ್ಯದಲ್ಲಿ ಕಾಲೇಜು ವಿದ್ಯಾರ್ಥಿಗಳ ಪಾಲಕರ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಕಾಗದದ ಮೇಲಿನ ಹೆಸರಿಗೆ ಎಷ್ಟು ತೂಕವಿದೆ ಎಂಬುದನ್ನು ನಮ್ಮ ಸಮುದಾಯಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ. ಒಂದೇ ಮಗುವಿನ ಹೆಸರು ಜನನ ಪತ್ರದಲ್ಲಿ ಮೊಹಮ್ಮದ್, ಶಾಲೆಯ ದಾಖಲೆಯಲ್ಲಿ ಮಹಮ್ಮದ್, ಆಧಾರ್‌ನಲ್ಲಿ ಎಂ.ಡಿ. ಎಂದಾಗಿರುವುದನ್ನು ನಾವೆಲ್ಲರೂ ಕಂಡಿದ್ದೇವೆ. ಆ ಒಂದು ಅಕ್ಷರದ ವ್ಯತ್ಯಾಸಕ್ಕಾಗಿ ವಿದ್ಯಾರ್ಥಿವೇತನದ ಅರ್ಜಿ ಸಿಕ್ಕಿಕೊಂಡದ್ದನ್ನೂ, ತಂದೆಯೊಬ್ಬ ಒಂದು ವಾರದ ಕೂಲಿಯನ್ನು ಬಿಟ್ಟು ಕಚೇರಿಗೆ ಅಲೆದದ್ದನ್ನೂ ಕಂಡಿದ್ದೇವೆ. 2019ರ ಡಿಸೆಂಬರ್‌ನಿಂದ 2020ರ ಆರಂಭದ ತನಕ, ಪೌರತ್ವ ತಿದ್ದುಪಡಿ ಕಾಯ್ದೆ ಮತ್ತು ಪೌರತ್ವ ನೋಂದಣಿಯ ಚರ್ಚೆ ನಡೆಯುತ್ತಿದ್ದಾಗ, ಅಜ್ಜನ ಹೆಸರಿನ ಕಾಗುಣಿತವನ್ನು ಸರಿಪಡಿಸಿಕೊಳ್ಳಲು ನಮ್ಮವರು ಸಾಲುಗಟ್ಟಿ ನಿಂತಿದ್ದರು. ಹೆಸರು ತಪ್ಪಿದರೆ ಮನುಷ್ಯನೇ ಇಲ್ಲವಾಗಿಬಿಡುತ್ತಾನೆಂಬ ಭಯ ಆಗ ಮನೆಮನೆಯಲ್ಲೂ ಇತ್ತು.

ಆ ಭಯವನ್ನು ನೆನಪಿನಲ್ಲಿಟ್ಟುಕೊಂಡು ಇಂದಿನ ಮಾತನ್ನು ಕೇಳಬೇಕೆಂದು ನಾವು ವಿನಂತಿಸುತ್ತೇವೆ. ನಾವು ಇಂದು ಮಾತನಾಡುವುದು ಲಿಂಗತ್ವ ಅಲ್ಪಸಂಖ್ಯಾತ ವಿದ್ಯಾರ್ಥಿಗಳ ಹೆಸರಿನ ಬಗ್ಗೆ. ವಿಷಯ ಕೇಳಿ ಕೆಲವರಿಗೆ ಮುಜುಗರವಾಗಬಹುದು. ಆದರೆ ಮುಜುಗರದ ಹೆಸರಿನಲ್ಲಿ ಮೌನವಹಿಸಿದ್ದರಿಂದ ನಾವು ಎಷ್ಟು ಮಕ್ಕಳನ್ನು ಕಳೆದುಕೊಂಡಿದ್ದೇವೆಂಬ ಲೆಕ್ಕ ಯಾರ ಬಳಿಯೂ ಇಲ್ಲ.

ಕೆಲವು ಕಾಲದ ಹಿಂದೆ ಮದ್ದೂರಿನ ಎಳನೀರು ವ್ಯಾಪಾರಿಯೊಬ್ಬರು ನಮ್ಮನ್ನು ಹುಡುಕಿಕೊಂಡು ಬಂದರು. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರೊಳಗೆ ಮಗುವಿನ ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಅಂಕಪಟ್ಟಿಗಳು. ಅಂಕಗಳು ಚೆನ್ನಾಗಿದ್ದವು. ಆದರೆ ಪದವಿಯ ಎರಡನೇ ವರ್ಷದಲ್ಲಿ ಆ ವಿದ್ಯಾರ್ಥಿ ಕಾಲೇಜಿಗೆ ಹೋಗುವುದನ್ನೇ ನಿಲ್ಲಿಸಿಬಿಟ್ಟಿತ್ತು. ಹುಟ್ಟಿದಾಗ ಗಂಡೆಂದು ದಾಖಲಾದ ಮಗು. ತಾನು ಹೆಣ್ಣೆಂದು ಹೈಸ್ಕೂಲಿನ ದಿನಗಳಿಂದಲೂ ತಾಯಿಯ ಬಳಿ ಹೇಳಿಕೊಳ್ಳುತ್ತ ಬಂದಿತ್ತು. ತರಗತಿಯಲ್ಲಿ ಹಾಜರಿ ಕೂಗುವಾಗ ಆ ಗಂಡು ಹೆಸರು ಬಂದೊಡನೆ ಹಿಂದಿನ ಬೆಂಚುಗಳಿಂದ ನಗು. ಪರೀಕ್ಷೆಯ ದಿನ ಪ್ರವೇಶಪತ್ರದ ಹೆಸರನ್ನೂ ಎದುರಿಗೆ ನಿಂತ ಮುಖವನ್ನೂ ಮತ್ತೆ ಮತ್ತೆ ನೋಡಿ ಎಲ್ಲರೆದುರು ಪ್ರಶ್ನೆ. "ಓದು ಕಷ್ಟ ಅಂತ ಬಿಟ್ಟಿದ್ದರೆ ಬೈಯಬಹುದಿತ್ತು ಭಾಯ್, ಹೆಸರು ಕೂಗುತ್ತಾರೆ ಅಂತ ಬಿಟ್ಟಿದೆ. ಇದಕ್ಕೇನು ಮಾಡಲಿ?" ಎಂದು ಆ ತಂದೆ ಕೇಳಿದರು. ಆ ವಿದ್ಯಾರ್ಥಿಯ ಹಳೆಯ ಹೆಸರನ್ನಾಗಲಿ ಹೊಸ ಹೆಸರನ್ನಾಗಲಿ ನಾವು ಇಲ್ಲಿ ಹೇಳುವುದಿಲ್ಲ. ಅದನ್ನು ಹೇಳುವ ಹಕ್ಕು ನಮ್ಮದಲ್ಲ.

ಅವರ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದಾಗ ತಿಳಿದ ಸಂಗತಿಗಳನ್ನು ನಿಮ್ಮ ಮುಂದಿಡುತ್ತೇವೆ.

ಈ ದೇಶದಲ್ಲಿ ಇಂತಹವರ ಹೆಸರನ್ನು ಸರಕಾರ ಬರೆದಿಟ್ಟುಕೊಂಡದ್ದು ಇದು ಮೊದಲ ಸಲವಲ್ಲ. ಬ್ರಿಟಿಷರು 1871ರಲ್ಲಿ ತಂದ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯ ಒಂದು ಭಾಗ ಹಿಜಡಾಗಳ ಹೆಸರು ಮತ್ತು ವಾಸಸ್ಥಳಗಳ ಪಟ್ಟಿಯನ್ನು ಇಡಬೇಕೆಂದು ವಿಧಿಸಿತ್ತು. ಪಟ್ಟಿಯಲ್ಲಿ ಹೆಸರಿದ್ದವರು ಉಯಿಲು ಬರೆಯುವಂತಿರಲಿಲ್ಲ, ದಾನಪತ್ರ ಮಾಡುವಂತಿರಲಿಲ್ಲ, ದತ್ತು ಸ್ವೀಕರಿಸುವಂತಿರಲಿಲ್ಲ. ಬ್ರಿಟಿಷರು ಹೋದರು, ಆ ಬುದ್ಧಿ ಹೋಗಲಿಲ್ಲ. ನಮ್ಮ ಕರ್ನಾಟಕ ಪೊಲೀಸ್ ಕಾಯ್ದೆಗೆ 2011ರಲ್ಲಿ 36ಎ ಎಂಬ ಕಲಮನ್ನು ಸೇರಿಸಿ, ಅವರ ಹೆಸರಿನ ಪಟ್ಟಿಯನ್ನು ಪೊಲೀಸರು ಇಡುವ ವ್ಯವಸ್ಥೆ ಮಾಡಲಾಯಿತು. ಅದರ ವಿರುದ್ಧ ಸಂಘಟನೆಗಳು ಹೈಕೋರ್ಟಿನ ಮೆಟ್ಟಿಲೇರಿದ ನಂತರವಷ್ಟೇ ಆ ಸಮುದಾಯವನ್ನು ಗುರಿಯಾಗಿಸಿದ ಪದ ಕಾಯ್ದೆಯಿಂದ ಹೋಯಿತು. ಒಂದು ಇಡೀ ವರ್ಗವನ್ನು ಹುಟ್ಟಿನಿಂದಲೇ ಅನುಮಾನಿಸುವ ಪಟ್ಟಿ ಎಂದರೇನೆಂದು ನಮಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ?

2014ರ ಏಪ್ರಿಲ್ 15ರಂದು ಈ ದಿಕ್ಕು ಬದಲಾಯಿತು. ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರದ ಅರ್ಜಿಯ ಮೇಲೆ ನ್ಯಾಯಮೂರ್ತಿಗಳಾದ ಕೆ.ಎಸ್. ರಾಧಾಕೃಷ್ಣನ್ ಮತ್ತು ಎ.ಕೆ. ಸಿಕ್ರಿ ಅವರ ಪೀಠ ತೀರ್ಪು ನೀಡಿ, ಗಂಡು ಹೆಣ್ಣುಗಳೆಂಬ ಎರಡು ಕಾಲಂಗಳಿಗೆ ಸೇರದವರಿಗೂ ಸಂವಿಧಾನದ ರಕ್ಷಣೆಯಿದೆ ಎಂದು ಸ್ಪಷ್ಟಪಡಿಸಿತು. ತನ್ನ ಲಿಂಗತ್ವವನ್ನು ತಾನೇ ಹೇಳಿಕೊಳ್ಳುವ ಹಕ್ಕನ್ನು ಅದು ಎತ್ತಿಹಿಡಿಯಿತು. ಅದಕ್ಕಾಗಿ ಶಸ್ತ್ರಚಿಕಿತ್ಸೆಯನ್ನು ಒತ್ತಾಯಿಸುವುದು ಸಲ್ಲದೆಂದಿತು. 2011ರ ಜನಗಣತಿಯಲ್ಲಿ ಗಂಡೂ ಅಲ್ಲ ಹೆಣ್ಣೂ ಅಲ್ಲದ 'ಇತರೆ' ಕಾಲಂನಲ್ಲಿ ದಾಖಲಾದವರು ದೇಶದಲ್ಲಿ 4,87,803 ಮಂದಿ. ಕರ್ನಾಟಕದಲ್ಲಿ 20,266 ಮಂದಿ. ಮನೆಯವರು ಬಾಯಿ ಬಿಡದ ಕಾರಣ ಲೆಕ್ಕಕ್ಕೆ ಸಿಗದವರು ಇನ್ನೆಷ್ಟು ಮಂದಿಯೋ.

ಸಂಸತ್ತು 2019ರಲ್ಲಿ ಕಾಯ್ದೆ ಮಾಡಿತು. ಅದು 2020ರ ಜನವರಿ 10ರಿಂದ ಜಾರಿಗೆ ಬಂತು. ನಿಯಮಗಳು ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ, ಅರ್ಜಿ ಸಲ್ಲಿಸುವ ರಾಷ್ಟ್ರೀಯ ಜಾಲತಾಣ ನವೆಂಬರ್‌ನಲ್ಲಿ ಬಂದವು. ಆ ನಿಯಮಗಳು ಹಾಕಿಕೊಟ್ಟ ದಾರಿ ಹೀಗಿತ್ತು: ಅರ್ಜಿದಾರರು ಅಫಿಡವಿಟ್‌ನೊಂದಿಗೆ ಜಿಲ್ಲಾಧಿಕಾರಿಗೆ ಅರ್ಜಿ ಸಲ್ಲಿಸಬೇಕು, ದೇಹ ಪರೀಕ್ಷೆಯಿಲ್ಲದೆ 30 ದಿನಗಳೊಳಗೆ ಗುರುತಿನ ಪ್ರಮಾಣಪತ್ರ ಮತ್ತು ಗುರುತಿನ ಚೀಟಿ ಸಿಗಬೇಕು. 18 ವರ್ಷ ತುಂಬದವರ ಪರವಾಗಿ ತಂದೆ, ತಾಯಿ ಅಥವಾ ಪೋಷಕರು ಅರ್ಜಿ ಹಾಕಬೇಕು. ಅರ್ಜಿ ತಿರಸ್ಕೃತವಾದರೆ 90 ದಿನಗಳೊಳಗೆ ಮೇಲ್ಮನವಿಗೆ ಅವಕಾಶ. ಪ್ರಮಾಣಪತ್ರ ದೊರೆತವರು ಜನನ ಪತ್ರ, ಶಾಲಾ ಕಾಲೇಜುಗಳ ಹಾಗೂ ವಿಶ್ವವಿದ್ಯಾಲಯದ ಪ್ರಮಾಣಪತ್ರಗಳು, ಆಧಾರ್, ಪಾನ್, ಮತದಾರರ ಚೀಟಿ, ಪಾಸ್‌ಪೋರ್ಟ್ ಮುಂತಾದವುಗಳಲ್ಲಿ ಮೊದಲ ಹೆಸರನ್ನು ಬದಲಾಯಿಸಿಕೊಳ್ಳಲು ಅರ್ಹರು. ದಾಖಲೆ ನೀಡಿದ ಕಚೇರಿ 15 ದಿನಗಳೊಳಗೆ ಅದನ್ನು ಮಾಡಿಕೊಡಬೇಕು. ಪ್ರಮಾಣಪತ್ರದಲ್ಲಿ ಗಂಡು ಅಥವಾ ಹೆಣ್ಣು ಎಂದೇ ಬರೆಯಿಸಿಕೊಳ್ಳಬೇಕಾದರೆ ಮಾತ್ರ ಶಸ್ತ್ರಚಿಕಿತ್ಸೆಯ ವೈದ್ಯಕೀಯ ದಾಖಲೆ ಬೇಕೆಂದು ಕಾಯ್ದೆ ಹೇಳಿತು. ಇದು 2014ರ ತೀರ್ಪಿನ ಆಶಯಕ್ಕೆ ವಿರುದ್ಧವೆಂಬ ಟೀಕೆ ಅಂದಿನಿಂದಲೂ ಇದೆ.

ಕಾನೂನು ತಿದ್ದುಪಡಿಗೊಳ್ಳುತ್ತದೆ, ನಿಯಮಗಳು ಬದಲಾಗುತ್ತವೆ. ಆದುದರಿಂದ ಅರ್ಜಿ ಹಾಕುವ ದಿನ ಯಾವ ನಿಯಮ ಜಾರಿಯಲ್ಲಿದೆ ಎಂಬುದನ್ನು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ವಿಚಾರಿಸಿಕೊಂಡೇ ಮುಂದುವರಿಯಿರಿ. ದಲ್ಲಾಳಿಗಳ ಕೈಗೆ ಹಣ ಕೊಡಬೇಡಿ. ಹಳೆಯ ಅಂಕಪಟ್ಟಿಗಳನ್ನು ಸಿಟ್ಟಿನಿಂದಲೋ ನಾಚಿಕೆಯಿಂದಲೋ ಹರಿದು ಹಾಕಬೇಡಿ. ಹಳೆಯ ಹೆಸರಿನವರೂ ಹೊಸ ಹೆಸರಿನವರೂ ಒಬ್ಬರೇ ಎಂದು ತೋರಿಸುವ ಕಾಗದಗಳೇ ಮುಂದಿನ ಪ್ರತಿಯೊಂದು ಬದಲಾವಣೆಗೂ ಆಧಾರ. ಸಲ್ಲಿಸಿದ ಪ್ರತಿ ಅರ್ಜಿಗೂ ಸ್ವೀಕೃತಿ ಪಡೆಯಿರಿ. ಕಾಲೇಜಿನಲ್ಲಿ ಮಾತ್ರ ಹೆಸರು ಬದಲಾಗಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಹಾಗೆಯೇ ಉಳಿದರೆ ಮುಂದೆ ನೌಕರಿಯ ಬಾಗಿಲಲ್ಲಿ ಅದೇ ಪ್ರಶ್ನೆ ಎದುರಾಗುತ್ತದೆ. ಆದ್ದರಿಂದ ಓದು ಮುಗಿಯುವ ಮೊದಲೇ ಎಲ್ಲ ದಾಖಲೆಗಳೂ ಒಂದೇ ಹೆಸರಿಗೆ ಬರುವಂತೆ ನೋಡಿಕೊಳ್ಳುವುದು ಜಾಣತನ.

ಕಾಗದದಲ್ಲಿ ಇಷ್ಟು ಸರಳವಾಗಿರುವುದು ಕಚೇರಿಯ ಕಿಟಕಿಯಲ್ಲಿ ಸರಳವಾಗಿರುವುದಿಲ್ಲ ಎಂಬುದಕ್ಕೆ ನಮ್ಮ ರಾಜ್ಯದ್ದೇ ಉದಾಹರಣೆಯಿದೆ. ಮಂಗಳೂರಿನಲ್ಲಿ ಒಬ್ಬರು ತಮ್ಮ ಜನನ ಪತ್ರದಲ್ಲಿ ಹೆಸರು ಮತ್ತು ಲಿಂಗವನ್ನು ಬದಲಾಯಿಸಿಕೊಡುವಂತೆ ಕೋರಿದಾಗ ಅರ್ಜಿ ತಿರಸ್ಕೃತವಾಯಿತು. 1969ರ ಜನನ ಮರಣ ನೋಂದಣಿ ಕಾಯ್ದೆಯ 15ನೇ ಕಲಮಿನಂತೆ ತಪ್ಪಾಗಿ ಅಥವಾ ಮೋಸದಿಂದ ದಾಖಲಾದದ್ದನ್ನು ಮಾತ್ರ ತಿದ್ದಬಹುದು ಎಂಬುದು ಅಧಿಕಾರಿಗಳ ವಾದ. ಪ್ರಕರಣ ಹೈಕೋರ್ಟಿಗೆ ಹೋಯಿತು. 2024ರ ಡಿಸೆಂಬರ್‌ನಲ್ಲಿ ನ್ಯಾಯಮೂರ್ತಿ ಸೂರಜ್ ಗೋವಿಂದರಾಜ್ ಅವರು, 2019ರ ಕಾಯ್ದೆ ವಿಶೇಷ ಕಾಯ್ದೆಯಾದುದರಿಂದ ಅದಕ್ಕೆ ಮನ್ನಣೆ ಕೊಡಲೇಬೇಕೆಂದು ಹೇಳಿ, ಪರಿಷ್ಕೃತ ಜನನ ಪತ್ರ ನೀಡುವಂತೆ ಆದೇಶಿಸಿದರು. ನೋಂದಣಿಯ ಕಾನೂನಿಗೆ ತಿದ್ದುಪಡಿ ತರುವ ತನಕ ಹಿಂದಿನ ವಿವರ ಮತ್ತು ಪರಿಷ್ಕೃತ ವಿವರ ಎರಡನ್ನೂ ದಾಖಲಿಸುವ ಮಾರ್ಗವನ್ನು ನ್ಯಾಯಾಲಯ ತೋರಿಸಿತು. ಒಂದು ಕಾನೂನು ಕೊಟ್ಟದ್ದನ್ನು ಇನ್ನೊಂದು ಕಾನೂನಿನ ಹೆಸರಿನಲ್ಲಿ ತಡೆಯಲಾಯಿತು. ಸಂಸತ್ತು ಕಾಯ್ದೆ ಮಾಡಿದ ಐದು ವರ್ಷಗಳ ನಂತರವೂ ಒಂದು ಹೆಸರಿಗಾಗಿ ಹೈಕೋರ್ಟಿನ ಬಾಗಿಲು ಬಡಿಯಬೇಕಾಯಿತು! ಮದ್ದೂರಿನ ಎಳನೀರು ವ್ಯಾಪಾರಿ ಹೈಕೋರ್ಟಿಗೆ ಹೋಗಬಲ್ಲರೇ? 2021ರಲ್ಲಿ ರಾಜ್ಯ ಸರಕಾರ ತನ್ನ ನೌಕರಿಗಳಲ್ಲಿ ಇವರಿಗೆ ಶೇಕಡಾ 1ರ ಮೀಸಲಾತಿಯನ್ನು ಕೊಟ್ಟಿತು. 2022ರಲ್ಲಿ ಆರಂಭವಾದ ಕೇಂದ್ರದ ಸ್ಮೈಲ್ ಯೋಜನೆಯಲ್ಲಿ ಒಂಬತ್ತನೇ ತರಗತಿಯಿಂದ ಸ್ನಾತಕೋತ್ತರದ ತನಕ ವರ್ಷಕ್ಕೆ 13,500 ರೂಪಾಯಿಯ ವಿದ್ಯಾರ್ಥಿವೇತನವನ್ನು ಪ್ರಕಟಿಸಲಾಯಿತು. ಇವು ಸ್ವಾಗತಾರ್ಹ. ಆದರೆ ಇವೆಲ್ಲಕ್ಕೂ ಮೊದಲು ಬೇಕಾದ ಹೆಸರಿನ ಕಾಗದವೇ ಸಿಗದಿದ್ದರೆ ಘೋಷಣೆಗಳಿಂದ ಏನು ಪ್ರಯೋಜನ?

ಇನ್ನು ನಿಮ್ಮಲ್ಲಿ ಅನೇಕರ ಮನಸ್ಸಿನಲ್ಲಿರುವ ಪ್ರಶ್ನೆಗೆ ಬರುತ್ತೇವೆ. ಇದಕ್ಕೆ ಶರೀಅತ್‌ನಲ್ಲಿ ಅವಕಾಶವಿದೆಯೇ? ಇಲ್ಲಿ ನಾವು ಎಚ್ಚರಿಕೆಯಿಂದ ಮಾತನಾಡಬೇಕು. ನಾವು ಮದ್ರಸದಲ್ಲಿ ಓದಿದವರು. ಫತ್ವಾ ಕೊಡುವ ಅಧಿಕಾರ ನಮಗಿಲ್ಲ.

ಹನಫೀ ಮದ್ರಸಗಳಲ್ಲಿ ಓದಿಸುವ ಹಿದಾಯ ಗ್ರಂಥದ ಕೊನೆಯ ಅಧ್ಯಾಯವೇ ಖುನ್ಸಾ, ಅಂದರೆ ಗಂಡು ಹೆಣ್ಣೆಂದು ನಿಶ್ಚಯಿಸಲಾಗದ ದೇಹದೊಂದಿಗೆ ಹುಟ್ಟಿದವರ ಬಗ್ಗೆ ಇದೆ. ಹನ್ನೆರಡನೇ ಶತಮಾನದ ಆ ವಿದ್ವಾಂಸರು ಇಂತಹವರು ನಮಾಝಿನ ಯಾವ ಸಾಲಿನಲ್ಲಿ ನಿಲ್ಲಬೇಕು, ಆಸ್ತಿಯಲ್ಲಿ ಪಾಲೆಷ್ಟು, ಮರಣಿಸಿದರೆ ಕಫನ್ ಹೇಗೆ ಎಂದೆಲ್ಲ ಚರ್ಚಿಸಿದ್ದಾರೆ. ಅವರು ಮಸೀದಿಯಲ್ಲಿ ಇರುತ್ತಾರೆ, ಮನೆಯಲ್ಲಿ ಇರುತ್ತಾರೆ, ವಾರಸುದಾರರಾಗಿ ಇರುತ್ತಾರೆ ಎಂಬುದನ್ನು ಒಪ್ಪಿಕೊಂಡೇ ಆ ಚರ್ಚೆ ನಡೆದಿದೆ. ಇಂದಿನ ಲಿಂಗತ್ವ ಅಲ್ಪಸಂಖ್ಯಾತರೆಲ್ಲರೂ ಆ ಅರ್ಥದ ಖುನ್ಸಾ ಅಲ್ಲ ಎಂಬುದು ನಿಜ. ಅವರ ಕುರಿತು ಉಲಮಾಗಳಲ್ಲಿ ಭಿನ್ನಾಭಿಪ್ರಾಯವಿದೆ. ಇರಾನಿನಲ್ಲಿ ಆಯತುಲ್ಲಾ ಖುಮೈನಿಯವರು ಚಿಕಿತ್ಸೆಗೆ ಅನುಮತಿ ಕೊಟ್ಟರು. ಸುನ್ನೀ ವಿದ್ವಾಂಸರಲ್ಲಿ ಬಹುಪಾಲು ಮಂದಿ ಅದನ್ನು ಒಪ್ಪಿಲ್ಲ. ಪಾಕಿಸ್ತಾನ 2018ರಲ್ಲಿ ಸ್ವಘೋಷಣೆಯ ಕಾಯ್ದೆ ಮಾಡಿತು. 2023ರಲ್ಲಿ ಅಲ್ಲಿನ ಫೆಡರಲ್ ಶರೀಅತ್ ಕೋರ್ಟು ಅದರ ಮುಖ್ಯ ಕಲಮುಗಳನ್ನು ರದ್ದುಪಡಿಸಿತು. ಚರ್ಚೆ ಮುಗಿದಿಲ್ಲ.

ಆದರೆ ಚರ್ಚೆಯಿಲ್ಲದ ಸಂಗತಿಗಳೂ ಇವೆ. ಅಡ್ಡಹೆಸರಿಟ್ಟು ಹೀಯಾಳಿಸುವುದನ್ನು ಪವಿತ್ರ ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯ ನಿಷೇಧಿಸಿದೆ. ಅದಕ್ಕೆ ಯಾವ ವಿನಾಯಿತಿಯೂ ಇಲ್ಲ. ನಮ್ಮ ಬೀದಿಗಳಲ್ಲಿ ಇಂತಹ ಮಕ್ಕಳನ್ನು ಕರೆಯುವ ಪದಗಳನ್ನು ನೆನಪಿಸಿಕೊಳ್ಳಿ. ಅವನ್ನು ಬಾಯಿಂದ ಆಡುವವನು ನಮಾಝಿಯಾಗಿದ್ದರೂ ಪಾಪಿಯೇ. ಹೆಸರು ಎಂಬುದು ಬದಲಾಗಲೇಬಾರದ ವಸ್ತುವೂ ಅಲ್ಲ. ಅವಿಧೇಯಳು ಎಂಬರ್ಥದ ಹೆಸರಿದ್ದ ಸ್ತ್ರೀಗೆ ಪ್ರವಾದಿ(ಸ)ರವರು ಜಮೀಲಾ ಎಂದು ಹೆಸರಿಟ್ಟರು. ಒರಟು ಎಂಬರ್ಥದ ಹಝ್ನ್ ಎಂಬ ಹೆಸರಿನವರಿಗೆ ಸರಳ ಎಂಬರ್ಥದ ಸಹ್ಲ್ ಎಂಬ ಹೆಸರನ್ನು ಸೂಚಿಸಿದರು. ತಂದೆಯಿಟ್ಟ ಹೆಸರನ್ನು ಬಿಡಲಾರೆನೆಂದು ಅವರು ಒಪ್ಪಲಿಲ್ಲ; ಆ ಒರಟುತನ ತಮ್ಮ ಕುಟುಂಬದಲ್ಲಿ ಉಳಿದೇ ಹೋಯಿತೆಂದು ಮುಂದೆ ಅವರ ಮೊಮ್ಮಗ ಸಈದ್ ಬಿನ್ ಮುಸಯ್ಯಬ್ ಹೇಳಿದ್ದು ಬುಖಾರಿಯಲ್ಲಿ ದಾಖಲಾಗಿದೆ. ಇವು ಹೆಸರಿನ ಅರ್ಥಕ್ಕೆ ಸಂಬಂಧಿಸಿದ ಘಟನೆಗಳು, ಲಿಂಗತ್ವಕ್ಕಲ್ಲ. ಇವುಗಳಿಂದ ನಾವು ಯಾವ ತೀರ್ಪನ್ನೂ ಎಳೆಯುವುದಿಲ್ಲ. ಕರೆಯುವ ಹೆಸರು ಮನುಷ್ಯನನ್ನು ನೋಯಿಸಬಾರದೆಂಬ ಕಾಳಜಿ ನಮ್ಮ ಪರಂಪರೆಯಲ್ಲಿದೆ ಎಂಬುದಷ್ಟನ್ನೇ ಹೇಳುತ್ತೇವೆ.

ಮದುವೆ, ವಾರಸು, ಇಬಾದತ್‌ಗಳ ಪ್ರಶ್ನೆಗಳು ಉಲಮಾಗಳ ಮುಂದೆ ಇರಲಿ. 2019ರ ಕಾಯ್ದೆ ಮದುವೆಯ ಬಗ್ಗೆಯಾಗಲಿ ವಾರಸಿನ ಬಗ್ಗೆಯಾಗಲಿ ಏನನ್ನೂ ಹೇಳಲಿಲ್ಲ. ಹಾಜರಿ ಪುಸ್ತಕದ ಹೆಸರು ಆ ಪ್ರಶ್ನೆಗಳನ್ನು ತೀರ್ಮಾನಿಸುವುದಿಲ್ಲ. ಅದು ತೀರ್ಮಾನಿಸುವುದು ಒಂದನ್ನೇ: ನಾಳೆ ಬೆಳಗ್ಗೆ ಆ ಮಗು ತರಗತಿಗೆ ಹೋಗುತ್ತದೋ ಇಲ್ಲವೋ.

2022ರ ಫೆಬ್ರವರಿ 8ನ್ನು ಮಂಡ್ಯ ಮರೆತಿಲ್ಲ. ಈ ಊರಿನ ಕಾಲೇಜಿನ ಆವರಣದಲ್ಲಿ ಬುರ್ಖಾ ಧರಿಸಿ ಬಂದ ಒಬ್ಬಳೇ ವಿದ್ಯಾರ್ಥಿನಿಯನ್ನು ಕೇಸರಿ ಶಾಲು ಹೊದ್ದ ಗುಂಪೊಂದು ಘೋಷಣೆ ಕೂಗುತ್ತ ಹಿಂಬಾಲಿಸಿತು. ಆ ದೃಶ್ಯವನ್ನು ಇಡೀ ಜಗತ್ತು ನೋಡಿತು. ಅವಳ ಉಡುಗೆಯನ್ನು ಒಪ್ಪುತ್ತೀರೋ ಇಲ್ಲವೋ ಎಂಬುದು ಬೇರೆ ಮಾತು, ಅವಳ ಓದನ್ನು ತಡೆಯಬೇಡಿ ಎಂದು ನಾವು ಅಂದು ನಾಡಿನ ಜನರನ್ನು ಕೇಳಿಕೊಂಡೆವು. ನಮ್ಮ ಧರ್ಮದವರಲ್ಲದ ಅನೇಕರು ಆ ಮಾತಿಗೆ ದನಿಗೂಡಿಸಿದರು. ಇಂದು ಅದೇ ಮಾತನ್ನು ನಾವು ನಮ್ಮದೇ ಮನೆಯ ಇನ್ನೊಂದು ಮಗುವಿಗಾಗಿ ಹೇಳಲಾರೆವೇ? ಒಪ್ಪುತ್ತೀರೋ ಇಲ್ಲವೋ, ಓದನ್ನು ತಡೆಯಬೇಡಿ. ನ್ಯಾಯವನ್ನು ಕೇಳುವಾಗ ಒಂದು ತಕ್ಕಡಿ, ಕೊಡುವಾಗ ಇನ್ನೊಂದು ತಕ್ಕಡಿ ಆಗಬಾರದು.

ಓದು ತಪ್ಪಿದರೆ ಮುಂದಿನ ದಾರಿ ಯಾವುದೆಂದು ಎಲ್ಲರಿಗೂ ಗೊತ್ತಿದೆ. ಊರ ಹೊರಗಿನ ಟೋಲ್ ಗೇಟಿನಲ್ಲಿ, ರೈಲಿನ ಬೋಗಿಗಳಲ್ಲಿ ಕೈಚಾಚುವವರನ್ನು ಕಂಡು ನಾವು ಮುಖ ತಿರುಗಿಸುತ್ತೇವೆ. ಅವರೂ ಯಾರದೋ ಮನೆಯಿಂದ ಹೊರಬಿದ್ದವರೇ. ಮಂಜಮ್ಮ ಜೋಗತಿಯವರು ಭಿಕ್ಷೆ ಬೇಡಿ ಬದುಕಿದ ದಿನಗಳನ್ನು ದಾಟಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ನಾಡು ಅವರಿಗೆ ಚಪ್ಪಾಳೆ ತಟ್ಟಿತು. ಆದರೆ ಪ್ರತಿಯೊಂದು ಮಗುವೂ ಅಷ್ಟು ನೋವನ್ನು ದಾಟಿ ಬರಲೆಂದು ನಿರೀಕ್ಷಿಸುವುದು ಕ್ರೌರ್ಯ. ಕಾನೂನು ಮತ್ತು ನೌಕರಿ ಎರಡಿದ್ದರೂ ಮನೆಯಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಕೇರಳವನ್ನು ನೋಡಿ. 2017ರಲ್ಲಿ ಕೊಚ್ಚಿ ಮೆಟ್ರೋ 23 ಮಂದಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಕೆಲಸ ಕೊಟ್ಟು ದೇಶಕ್ಕೇ ಮಾದರಿಯಾಯಿತು. ಬಾಡಿಗೆಗೆ ಮನೆ ಕೊಡುವವರಿಲ್ಲದೆ ಕೆಲವರು ಕೆಲವೇ ದಿನಗಳಲ್ಲಿ ಆ ಕೆಲಸವನ್ನು ಬಿಡಬೇಕಾಯಿತು. ಸರಕಾರ ಸಂಬಳ ಕೊಡಬಹುದು, ಮನೆಯ ಬಾಗಿಲನ್ನು ತೆರೆಯಬೇಕಾದವರು ಮನೆಯವರೇ.

ಮತ್ತೆ ಮದ್ದೂರಿನ ಆ ತಂದೆಯ ಬಳಿಗೆ ಬರೋಣ. ಅವರಿಗಿದ್ದ ದೊಡ್ಡ ಭಯ ಕಾನೂನಿನದ್ದಲ್ಲ. ಹೆಸರು ಬದಲಾದರೆ ಮಗು ತನ್ನದಲ್ಲವಾಗುತ್ತದೆ, ವಂಶದಿಂದ ಕಳಚಿಹೋಗುತ್ತದೆ ಎಂಬ ಭಯ. ನಾವು ಕಾಯ್ದೆಯ ಏಳನೇ ಕಲಮನ್ನು ಅವರಿಗೆ ಓದಿ ಹೇಳಿದೆವು. ಬದಲಾಯಿಸಲು ಅದು ಹಕ್ಕು ಕೊಡುವುದು ಮೊದಲ ಹೆಸರನ್ನು ಮಾತ್ರ. ತಂದೆಯ ಹೆಸರಿನ ಕಾಲಂ ಇದ್ದಂತೆಯೇ ಇರುತ್ತದೆ. ಮಕ್ಕಳನ್ನು ಅವರ ತಂದೆಯ ಹೆಸರಿನಿಂದಲೇ ಗುರುತಿಸಬೇಕೆಂದು ಕುರ್‌ಆನ್ ಆದೇಶಿಸಿದೆ. ಈ ಕಾಗದ ಆ ಸಂಬಂಧವನ್ನು ಮುಟ್ಟುವುದಿಲ್ಲ. ಅವರು ಬಹಳ ಹೊತ್ತು ಸುಮ್ಮನಿದ್ದರು. ಬಳಿಕ, "ಹಾಗಾದರೆ ನನ್ನ ಹೆಸರು ಇರುತ್ತದೆ" ಎಂದರು.

ಮರುವಾರ ಅಫಿಡವಿಟ್ ಮಾಡಿಸಲು ತಂದೆಯೇ ಜೊತೆಗೆ ಹೋದರು. ಅಲ್ಲಿದ್ದವರು "ಇವರು ನಿಮಗೇನಾಗಬೇಕು?" ಎಂದು ಕೇಳಿದಾಗ "ನನ್ನ ಮಗು" ಎಂದರಂತೆ. ಮಗ ಎನ್ನಲು ಮಗುವಿಗೆ ನೋವು, ಮಗಳು ಎನ್ನಲು ತನ್ನ ನಾಲಿಗೆ ಇನ್ನೂ ಹೊರಳದು. ಮಗು ಎಂಬ ಮಾತು ಇಬ್ಬರನ್ನೂ ಕಾಪಾಡಿತು ಎಂದು ಅವರೇ ನಮಗೆ ಹೇಳಿದರು. ಎಲ್ಲ ದಾಖಲೆಗಳೂ ಇನ್ನೂ ಬದಲಾಗಿಲ್ಲ. ಆದರೆ ಅಧ್ಯಾಪಕರೊಬ್ಬರು ಅಷ್ಟರಲ್ಲೇ ಹಾಜರಿಯನ್ನು ಹೆಸರಿನ ಬದಲು ಕ್ರಮಸಂಖ್ಯೆಯಿಂದ ಕೂಗತೊಡಗಿದರು. ಆ ಮಗು ಮತ್ತೆ ಬೆಳಗಿನ ರೈಲಿನಲ್ಲಿ ಮಂಡ್ಯಕ್ಕೆ ಬರುತ್ತಿದೆ.

ಅಧ್ಯಾಪಕರೇ, ಅದಕ್ಕೆ ಯಾವ ಸುತ್ತೋಲೆಯೂ ಬೇಕಾಗಲಿಲ್ಲ. ಮಸೀದಿ ಕಮಿಟಿಯ ಹಿರಿಯರೇ, ಇಂತಹ ಮನೆಯ ತಂದೆ ನಿಮ್ಮ ಬಳಿ ಬಂದರೆ ಅವರನ್ನು ಜಮಾಅತ್‌ನೆದುರು ನಿಲ್ಲಿಸಿ ವಿಚಾರಿಸಬೇಡಿ. ಕಾನೂನು ಬಲ್ಲ ಒಬ್ಬ ವಕೀಲರ ವಿಳಾಸವನ್ನು ಕೊಟ್ಟು ಕಳುಹಿಸಿ. ತಂದೆ ತಾಯಂದಿರೇ, ನಿಮ್ಮ ಮಗು ಏನನ್ನೋ ಹೇಳಲು ಬಂದಾಗ ಕೈಯೆತ್ತುವ ಮೊದಲು ಕೇಳಿಸಿಕೊಳ್ಳಿ. ತಿಳಿಯದಿದ್ದರೆ ತಿಳಿದವರನ್ನು ವಿಚಾರಿಸಿ. ಬಾಗಿಲು ಮಾತ್ರ ಮುಚ್ಚಬೇಡಿ.

ಮೊದಲ ಹೆಸರನ್ನು ಬದಲಾಯಿಸಿಕೊಡುವುದು ಸರಕಾರಿ ಕಚೇರಿಯ ಕೆಲಸ. ಅದರ ಮುಂದಿನ ಕಾಲಂನಲ್ಲಿರುವ ತಂದೆಯ ಹೆಸರು ಬರಿಯ ಅಕ್ಷರವಾಗಿ ಉಳಿಯದಂತೆ ನೋಡಿಕೊಳ್ಳುವುದು ನಮ್ಮ ನಿಮ್ಮ ಕೆಲಸ. ಅದಕ್ಕೆ ಬೇಕಾದ ಧೈರ್ಯವನ್ನೂ ಕರುಣೆಯನ್ನೂ ಅಲ್ಲಾಹನು ನಮಗೆಲ್ಲರಿಗೂ ದಯಪಾಲಿಸಲಿ.